ಎಡಗೈ ಡಾಕ್ಟ್ರಮ್ಮನಿಗೆ ಹೆಸರಿಟ್ಟವನು

ಆ ಹೆಸರು ಇಟ್ಟವನು ನಾನು.

ಮಾಲೂರಿನ ಹೆಂಚಿನ ಕಾರ್ಖಾನೆಗಳಲ್ಲಿ ದುಡಿದ ಯಾರನ್ನಾದರೂ ಕೇಳಿ ನೋಡಿ, ‘ಎಡಗೈ ಡಾಕ್ಟ್ರಮ್ಮ’ ಎಂದರೆ ಈಗಲೂ ನಗುತ್ತಾರೆ. ಆ ಹೆಸರು ಯಾರು ಇಟ್ಟಿದ್ದು ಎಂದು ಕೇಳಿದರೆ, “ಯಾರೋಪ್ಪ, ಜನ ಹಂಗಂತಿದ್ರು” ಎನ್ನುತ್ತಾರೆ. ಜನ ಅಲ್ಲ. ಟೇಕಲ್ಲಿನ ನಾರಾಯಣಪ್ಪ, ಕಾರ್ಮಿಕ ಸಂಘದ ಕಾರ್ಯದರ್ಶಿ, ಇವತ್ತು ಊರಲ್ಲಿ ನಾಲ್ಕು ಜನ ಎದ್ದು ನಿಂತು ಕೈ ಮುಗಿಯುವಂಥ ದೊಡ್ಡ ಮನುಷ್ಯ — ಅವನು ಇಟ್ಟಿದ್ದು. ಹೆಸರಿಟ್ಟು ಹತ್ತು ಹನ್ನೆರಡು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದ. ಬಾಯಿ ಹೊಲಿದುಕೊಳ್ಳುವುದು ನನ್ನ ಜಾಯಮಾನವೇ ಅಲ್ಲ, ನನ್ನನ್ನು ಬಲ್ಲವರಿಗೆ ಗೊತ್ತು. ಬೇರೆ ಎಲ್ಲದಕ್ಕೂ ನನ್ನದು ಬಾಯಿ ಬೊಂಬಾಯಿ. ಇದೊಂದಕ್ಕೆ ಮಾತ್ರ —

ಇರಲಿ. ಮೊದಲಿಂದ ಹೇಳುತ್ತೇನೆ.

ನಾನು ದುಡಿಯುತ್ತಿದ್ದ ಕಾರ್ಖಾನೆ ಎಪ್ಪತ್ತರ ದಶಕದಲ್ಲಿ ಆರೋಗ್ಯ ವಿಮೆಯ ಕಾಯಿದೆಯ ಕೆಳಗೆ ಬಂತು. ನಮ್ಮ ಕೂಲಿಯಲ್ಲಿ ಒಂದಿಷ್ಟು ಹಿಡಿಯುವುದು, ಮಾಲೀಕರು ಒಂದಿಷ್ಟು ಹಾಕುವುದು, ಔಷಧಿ-ಡಾಕ್ಟರ ಖರ್ಚಿನಲ್ಲಿ ರಾಜ್ಯ ಸರ್ಕಾರವೂ ಒಂದು ಪಾಲು ಹೊರುವುದು. ಖಾಯಿಲೆ ಬಿದ್ದು ಮಲಗಿದವನಿಗೆ ಡಾಕ್ಟರು ಬರೆದುಕೊಟ್ಟರೆ ಆ ದಿನಗಳಿಗೂ ಅರ್ಧ ಕೂಲಿ ಸಿಗುತ್ತಿತ್ತು. ನಮ್ಮಂಥವರಿಗೆ ಅದು ಕನಸಿನಲ್ಲೂ ಕಾಣದ ಸವಲತ್ತು. ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಡಿಸ್ಪೆನ್ಸರಿ ತೆಗೆದರು. ಅದರ ಮೇಲಿದ್ದದ್ದು ನಮ್ಮ ಕಾರ್ಖಾನೆಯದೇ ಹೆಂಚು.

ಮೊದಲಿದ್ದ ಮುದುಕ ಡಾಕ್ಟರು ದೇವರಂಥವರು ಎಂದು ಎಲ್ಲರೂ ಹೊಗಳುತ್ತಿದ್ದೆವು. ಯಾಕೆಂದರೆ ಏನು ಕೇಳಿದರೂ ಬರೆದುಕೊಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಬಂದವರು ವಿಮಲಾ ಎಂಬ ಡಾಕ್ಟರು. ಮೈಸೂರಿನ ಕಡೆಯವರು, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ರೋಗಿಯ ಕೈ ಹಿಡಿದರೆ ಬೇಗ ಬಿಡುತ್ತಿರಲಿಲ್ಲ. ಬೆಳಗ್ಗೆ ಏನು ತಿಂದೆ, ಮುದ್ದೆಗೆ ಸಾರು ಏನಿತ್ತು, ಕುಡಿಯುವ ನೀರು ಎಲ್ಲಿಂದ ತರುತ್ತೀರಿ — ಇದೆಲ್ಲ ಕೇಳಿದ ಮೇಲೆಯೇ ಮಾತ್ರೆ. ಬರೆಯುವುದು, ಹೊಲಿಗೆ ಹಾಕುವುದು, ಸೂಜಿ ಚುಚ್ಚುವುದು ಎಲ್ಲವೂ ಎಡಗೈಯಲ್ಲಿ. ಆ ಕೈ ಎಷ್ಟು ಹಗುರ ಎಂದರೆ, ಸೂಜಿ ಹೊಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ, ಹೊರಬಂದದ್ದೂ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನೇ ಅನುಭವಿಸಿದ್ದೆ. ನೆನಪಿಟ್ಟುಕೊಳ್ಳಿ — ಅನುಭವಿಸಿದ್ದೆ.

ಆ ವರ್ಷ ಮಾವಿನಕಾಯಿ ಕಾಲದಲ್ಲಿ ನನ್ನ ಭಾವಮೈದುನನ ಮದುವೆ. ಹೆಣ್ಣಿನವರು ಶ್ರೀನಿವಾಸಪುರದವರು, ಭಾರೀ ತೋಟದ ಜನ. ಮದುವೆ, ಬೀಗರೂಟ ಎಲ್ಲ ಮುಗಿಸಿಕೊಂಡು ನಿಧಾನವಾಗಿ ಬರೋಣ ಎಂದು ನನ್ನ ಲೆಕ್ಕಾಚಾರ. ರಜ ಕೇಳಿದರೆ ಕೂಲಿ ಖೋತಾ, ಖಾಯಿಲೆ ಎಂದರೆ ಅರ್ಧವಾದರೂ ಸಿಗುತ್ತದೆ. ಇದರಲ್ಲಿ ತಪ್ಪೇನು ಎಂದುಕೊಂಡಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ಡಿಸ್ಪೆನ್ಸರಿಗೆ ಹೋದೆ.

ಡಾಕ್ಟ್ರಮ್ಮ ಹೊಟ್ಟೆ ಒತ್ತಿ ನೋಡಿದರು. “ಇಲ್ಲಿ ನೋವಾ?” “ಹೂಂ ಅಮ್ಮಾ.” “ಇಲ್ಲಿ?” “ಅಲ್ಲೂ ಅಮ್ಮಾ.” “ಇಲ್ಲಿ?” “ಅಯ್ಯಯ್ಯೋ!”

ಅವರು ನಕ್ಕುಬಿಟ್ಟರು. “ಎಲ್ಲ ಕಡೆನೂ ನೋವಾಗೋ ಖಾಯಿಲೆ ಒಂದೇ ಕಣ್ರೀ ನಾರಾಯಣಪ್ಪನವರೇ, ರಜಾ ಖಾಯಿಲೆ. ಜೇಬಲ್ಲಿ ಲಗ್ನಪತ್ರಿಕೆ ಇಣುಕ್ತಾ ಇದೆ ನೋಡಿ. ಅದನ್ನಾದ್ರೂ ಮನೇಲಿಟ್ಟು ಬರಬಾರದಾ?”

ಹೌದು. ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಅದನ್ನು ಕಾರ್ಖಾನೆಯಲ್ಲಿ ಹಂಚೋಣ ಎಂದು ಜೇಬಿನಲ್ಲಿಟ್ಟುಕೊಂಡು ಮರೆತಿದ್ದೆ. ಸಾಲಿನಲ್ಲಿ ನಿಂತಿದ್ದವರೆಲ್ಲ ಗೊಳ್ಳೆಂದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ ಅವರು ದನಿ ತಗ್ಗಿಸಿ, ಮೆತ್ತಗೆ ಹೇಳಿದರು: “ಮದುವೆಗೆ ಹೋಗಿ ಬನ್ನಿ, ಚೆನ್ನಾಗಿ ಊಟ ಮಾಡಿ. ರಜ ಮಾಲೀಕರ ಹತ್ರ ಕೇಳಿ, ಅದು ನಿಮ್ಮ ಹಕ್ಕು. ಈ ದುಡ್ಡು ಮಾತ್ರ ನಿಜವಾಗಿ ಮಲಗಿದವರದು. ಅವರಿಗೆ ಕಮ್ಮಿ ಬೀಳಬಾರದು, ಅಲ್ವಾ?”

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದೇ ನನಗೆ ಉರಿದದ್ದು. ಜನರನ್ನು ನಗಿಸುವವನು ನಾನು. ಆವತ್ತು ಜನ ನನ್ನನ್ನು ನೋಡಿ ನಕ್ಕಿದ್ದರು.

ಮದುವೆಗೇನೋ ಹೋಗಿ ಬಂದೆ. ರಜ ಹಾಕಿಯೇ ಹೋಗಿದ್ದೆ. ಆದರೆ ಹೊಟ್ಟೆಯೊಳಗಿನ ಉರಿ ಬೀಗರೂಟದಿಂದಲೂ ಆರಲಿಲ್ಲ.

ಇಲ್ಲಿ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಹಸಿ ಹೆಂಚು ಒಣಗಿದ ಮೇಲೆ ಭಟ್ಟಿಯಲ್ಲಿ ಜೋಡಿಸಿ ಬೆಂಕಿ ಕೊಡುತ್ತಾರೆ. ಬೆಂಕಿ ಕೊಡುವುದು ಎಲ್ಲರ ಕೆಲಸವಲ್ಲ. ಪಾಪಣ್ಣ ಎಂಬ ಹಿರಿಯರಿದ್ದರು, ಅವರ ಕೈಗುಣ ಒಳ್ಳೆಯದು ಎಂದು ಹೆಸರು. ಅವರು ಬಲಗೈಗೆ ಅರಿಶಿನ ಹಚ್ಚಿಕೊಂಡು ಮೊದಲ ಕಡ್ಡಿ ಗೀರಿದರೆ ಹೆಂಚು ಕೆಂಪಗೆ, ಗಣಗಣ ಅನ್ನುವಂತೆ ಬೇಯುತ್ತದೆ ಎಂದು ನಂಬಿಕೆ. ಅವರಿಗೆ ಮೈ ಸರಿಯಿಲ್ಲದಿದ್ದರೆ ಭಟ್ಟಿ ಹಚ್ಚುವುದನ್ನೇ ಮುಂದಕ್ಕೆ ಹಾಕುತ್ತಿದ್ದರು. ಎಡಚರನ್ನು ಭಟ್ಟಿಯ ಬಾಯಿಯ ಹತ್ತಿರ ಬಿಡುತ್ತಿರಲಿಲ್ಲ. ಮಾಲೀಕರು ಓದಿದವರು, ಆದರೂ ಅದಕ್ಕೆ ಎದುರಾಡುತ್ತಿರಲಿಲ್ಲ. ನಮಗೆ ಕೈಗುಣ ಎನ್ನುವುದು ಬೇಸಾಯದಲ್ಲೂ ಇತ್ತು, ಭಟ್ಟಿಯಲ್ಲೂ ಇತ್ತು, ಔಷಧಿಯಲ್ಲೂ ಇತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಯಾವ ಮಾತು ಎಲ್ಲಿ ನಾಟುತ್ತದೆ ಎಂದು ಗೊತ್ತಿದ್ದೇ ಆಡಿದೆ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದೆವು. ನಾನು ಟವೆಲ್ಲನ್ನು ಡಾಕ್ಟರ ಕೋಟಿನ ಹಾಗೆ ಹೊದ್ದು, ಎಡಗೈಯಲ್ಲೊಂದು ಕಡ್ಡಿ ಹಿಡಿದು, ಆವಮ್ಮನ ಮೈಸೂರು ಮಾತಿನ ಧಾಟಿಯಲ್ಲೇ, “ಎಲ್ಲಿ ನೋವಾಗ್ತಿದೆ ಕಣ್ರೀ?” ಎನ್ನುತ್ತ ಒಬ್ಬೊಬ್ಬರ ಹಿಂದೆ ಹೋದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವರಿಗೆ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ನಗುವಿನ ಅಮಲಿನಲ್ಲಿ ಹೇಳಿದೆ:

“ಎಡಗೈ ಡಾಕ್ಟ್ರಮ್ಮ ಕಣ್ರಲೇ ಈವಮ್ಮ! ಆ ಕೈಲಿ ಸೂಜಿ ಚುಚ್ಚಿಸ್ಕೊಂಡು ಬಂದು ಭಟ್ಟಿ ಮುಟ್ಟಿ ನೋಡಿ — ಹೆಂಚೆಲ್ಲ ಪಟಪಟ ಅಂತ ಸೀಳ್ಕೊಂಡೋಗ್ತದೆ!”

ಎಲ್ಲರೂ ನಕ್ಕರು. ಪಾಪಣ್ಣ ಮಾತ್ರ ನಗಲಿಲ್ಲ. ಹೌದಲ್ಲ ಎನ್ನುವ ಹಾಗೆ ಅವರು ನನ್ನ ಎಡಗೈಯನ್ನೇ ನೋಡುತ್ತಿದ್ದರು.

ಅಲ್ಲಿಗೇ ಮುಗಿದಿದ್ದರೆ ಅದೊಂದು ತಮಾಷೆ. ಆದರೆ ಕೆಲವೇ ದಿನದಲ್ಲಿ ಚೌಡಪ್ಪ ಎಂಬ ಭಟ್ಟಿ ಜೋಡಿಸುವವನು ಜ್ವರಕ್ಕೆ ಡಾಕ್ಟ್ರಮ್ಮನ ಹತ್ತಿರ ಸೂಜಿ ಹಾಕಿಸಿಕೊಂಡು ಬಂದು ಹೆಂಚು ಜೋಡಿಸಿದ. ಆ ಭಟ್ಟಿ ತೆಗೆದಾಗ ಅರ್ಧಕ್ಕರ್ಧ ಸೀಳು. ಕಾರ್ಖಾನೆಯೆಲ್ಲ ಗುಸುಗುಸು. ಚೌಡಪ್ಪನಂತೂ ತನ್ನ ತೋಳನ್ನೇ ಮುಟ್ಟಿಮುಟ್ಟಿ ನೋಡಿಕೊಂಡು ಕಂಗಾಲಾದ.

ನಾನು ಹೆಂಚು ಒತ್ತುವ ಪ್ರೆಸ್ಸಿನವನು. ಆ ಸಲದ ಕೆರೆಮಣ್ಣು ಸರಿಯಾಗಿ ಹದಕ್ಕೆ ಬಂದಿರಲಿಲ್ಲ, ಹೆಂಚು ಪೂರ್ತಿ ಒಣಗಿರಲಿಲ್ಲ, ಬೇಡಿಕೆ ಇದೆ ಎಂದು ಮೇಸ್ತ್ರಿ ಅವಸರ ಮಾಡಿ ಭಟ್ಟಿಗೆ ತುಂಬಿಸಿದ್ದ. ನನಗೆ ಕೈಯಲ್ಲಿ ಹಿಡಿದಾಗಲೇ ಗೊತ್ತಾಗಿತ್ತು. ನಾಲ್ಕು ಜನರ ಮುಂದೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. “ನಾರಾಯಣಣ್ಣ ಅವತ್ತೇ ಅಂದಿದ್ನಲ್ಲ!” ಎಂದು ಜನ ಬೆರಗಾಗಿ ನೋಡುತ್ತಿದ್ದರು — ಆ ನೋಟ ಹಿತವಾಗಿತ್ತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಬಹಳ ಹಿತವಾಗಿತ್ತು.

ಅಲ್ಲಿಂದ ಮುಂದೆ ಜನ ಆ ಕಡೆ ಹೋಗುವುದೇ ಕಡಿಮೆಯಾಯಿತು. ಸ್ವಲ್ಪ ಜ್ವರ ಬಂದರೆ ಪೇಟೆಯಲ್ಲಿ ದುಡ್ಡು ಕೊಟ್ಟು ಬೇರೆಯವರಿಗೆ ತೋರಿಸಿಕೊಳ್ಳುವುದು. ಕೂಲಿಯಲ್ಲಿ ವಿಮೆಗೆ ಹಿಡಿದದ್ದು ಹಿಡಿದ ಹಾಗೇ. ಡಾಕ್ಟ್ರಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂತಿರುತ್ತಿದ್ದರು. ಒಂದು ದಿನ ನಾನು ಕೆಲಸ ಮುಗಿಸಿ ಟೇಕಲ್ಲಿನ ರೈಲು ಹಿಡಿಯಲು ಹೋಗುವಾಗ ಕರೆದು ಕೇಳಿದರು: “ನಿಮ್ಮ ಕಾರ್ಖಾನೇಲಿ ಯಾರಿಗೂ ಖಾಯಿಲೆನೇ ಇಲ್ವಾ? ಸಂತೋಷ ಪಡಬೇಕೋ ಏನೋ ಗೊತ್ತಾಗ್ತಿಲ್ಲ.” ನಾನು, “ಬಿತ್ತನೆ ಕಾಲ ಅಲ್ವೇ ಅಮ್ಮಾ, ಜನಕ್ಕೆ ಪುರುಸೊತ್ತಿಲ್ಲ” ಎಂದು ಹಲ್ಲು ಕಿರಿದು ಬಂದೆ.

ಆಮೇಲೆ ಅದು ನನ್ನ ಮನೆಗೇ ಬಂತು.

ನನ್ನ ಹೆಂಡತಿ ಜಯಮ್ಮ ಅಂಗಳದಲ್ಲಿ ಒಡೆದ ಹೆಂಚಿನ ಚೂರು ತುಳಿದಳು. ಕಾಲು ಊದಿಕೊಂಡಿತು, ಮೈ ಕೆಂಡವಾಯಿತು. ನಡೆ, ಡಿಸ್ಪೆನ್ಸರಿಗೆ ಹೋಗೋಣ ಎಂದರೆ ಸುತರಾಂ ಒಲ್ಲೆ ಎಂದಳು. ಮಗಳಿಗೆ ಹುಷಾರಿಲ್ಲ ಎಂದು ನಮ್ಮತ್ತೆ ಮುಳಬಾಗಿಲು ಕಡೆಯ ದೇವರಾಯಸಮುದ್ರದಿಂದ ಓಡಿಬಂದಿದ್ದರು. ಅವರದ್ದು ಅರ್ಧ ಕನ್ನಡ, ಅರ್ಧ ತೆಲುಗು. ಬಾಗಿಲಿಗೆ ಅಡ್ಡ ನಿಂತು, “ಆ ಎಡಮಚೇತಿ ಡಾಕ್ಟರಮ್ಮ ದಗ್ಗರಿಕಿ ನಾ ಬಿಡ್ಡನಿ ಪಂಪನು!” ಎಂದರು. ಆ ಎಡಗೈಯವಳ ಹತ್ತಿರ ನನ್ನ ಮಗಳನ್ನು ಕಳಿಸುವುದಿಲ್ಲ, ಅಷ್ಟೇ. ನನ್ನ ಮಾತು ಮುಳಬಾಗಿಲು ಮುಟ್ಟಿ, ಅಲ್ಲಿ ತೆಲುಗು ಕಲಿತುಕೊಂಡು, ನನ್ನ ಹೊಸ್ತಿಲಿಗೇ ಬಂದು ನಿಂತಿತ್ತು!

ಹೆಂಡತಿಯ ಮುಖ ನೋಡಿ ನನಗೆ ಜೀವ ಬಾಯಿಗೆ ಬಂತು. ಮಾಲೂರಿಗೆ ಓಡಿದೆ, ಡಾಕ್ಟ್ರಮ್ಮನ ಕಾಲು ಹಿಡಿಯುವುದೊಂದು ಬಾಕಿ. ಅವರು ಒಂದು ಮಾತಾಡದೆ ಚೀಲ ತೆಗೆದುಕೊಂಡು ನನ್ನ ಜೊತೆ ರೈಲು ಹತ್ತಿದರು. ಟೇಕಲ್ಲಿನಲ್ಲಿ ಇಳಿದು ನಮ್ಮ ಮನೆಯವರೆಗೂ ನಡೆದೇ ಬಂದರು. ಗಾಯ ತೊಳೆದು, ಚೂರು ತೆಗೆದು, ಕಟ್ಟು ಕಟ್ಟುವವರೆಗೂ ಜಯಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಡಾಕ್ಟ್ರಮ್ಮ ಸೂಜಿ ತೆಗೆದರು ನೋಡಿ, ಎಡಗೈಯಲ್ಲಿ — ಇವಳು ಗೋಡೆಗೆ ಸರಿದು ಅಂಟಿಕೊಂಡು ಕೂತಳು. ಅತ್ತೆ ಮುಖಕ್ಕೆ ಹೊಡೆದ ಹಾಗೆ ಹೇಳೇಬಿಟ್ಟರು: “ಆ ಕೈಲಿ ಬೇಡಮ್ಮ. ನಿನ್ ಕೈ ಒಳ್ಳೇದಲ್ಲಂತೆ. ಎಡಗೈ ಡಾಕ್ಟ್ರಮ್ಮ ಅಂತ ನಮ್ಮೂರಲ್ಲೂ ಅಂತಾರೆ.”

ಡಾಕ್ಟ್ರಮ್ಮ ತಮ್ಮ ಎಡಗೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ಓ… ಅದಕ್ಕಾ ಯಾರೂ ಬರ್ತಿಲ್ಲ? ನಿಮಗೆ ಗೊತ್ತಿತ್ತಾ ನಾರಾಯಣಪ್ಪನವರೇ?”

ಆ ಗಳಿಗೆ ನನ್ನ ಕೈಯಲ್ಲಿತ್ತು. ನನ್ನ ಹೆಂಡತಿ, ನನ್ನ ಅತ್ತೆ, ಆ ಹೆಣ್ಣುಮಗಳು — ಇಷ್ಟೇ ಜನ. ಹೇಳಬಹುದಿತ್ತು.

“ಜನ ಹಂಗಂತಾರೆ ಅಮ್ಮಾ” ಎಂದೆ.

ಅವರು ಸೂಜಿಯನ್ನು ಬಲಗೈಗೆ ಬದಲಾಯಿಸಿಕೊಂಡರು. ಬಲಗೈ ಅಭ್ಯಾಸವಿಲ್ಲ, ಸ್ವಲ್ಪ ನಡುಗಿತು. ಜಯಮ್ಮ ಕೂಗಿಕೊಂಡಳು. “ಕ್ಷಮಿಸಮ್ಮ, ಈ ಕೈ ಇನ್ನೂ ಕಲೀಬೇಕು” ಎಂದರು ಡಾಕ್ಟ್ರಮ್ಮ. ಕ್ಷಮೆ ಕೇಳಿದವರು ಅವರು! ಜಯಮ್ಮ ವಾರದೊಳಗೆ ಎದ್ದು ಓಡಾಡಿದಳು. ಬಲಗೈಯಲ್ಲಿ ಹಾಕಿಸಿಕೊಂಡದ್ದಕ್ಕೇ ವಾಸಿಯಾಯಿತು ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು.

ಅದಾದ ಮೇಲೆ ಒಂದು ಮಧ್ಯಾಹ್ನ ಅವರಿಗೆ ಧನ್ಯವಾದ ಹೇಳೋಣ ಎಂದು, ಮಾಸ್ತಿ ಊರಿನ ಗೆಳೆಯನೊಬ್ಬ ಕೊಟ್ಟ ತರಕಾರಿ ಹಿಡಿದುಕೊಂಡು ಹೋದೆ. ಡಿಸ್ಪೆನ್ಸರಿ ಖಾಲಿ. ಕಿಟಕಿಯಲ್ಲಿ ನೋಡಿದೆ. ಡಾಕ್ಟ್ರಮ್ಮ ಮೇಜಿನ ಮೇಲೆ ಬದನೆಕಾಯಿ ಸಾಲಾಗಿ ಇಟ್ಟುಕೊಂಡು, ಸೂಜಿಯಲ್ಲಿ ನೀರು ತುಂಬಿಕೊಂಡು, ಬಲಗೈಯಲ್ಲಿ ಚುಚ್ಚುತ್ತಿದ್ದರು. ಚುಚ್ಚುವುದು, ತಲೆ ಆಡಿಸುವುದು, ಮತ್ತೆ ಇನ್ನೊಂದು ಬದನೆಕಾಯಿ. ಕಲಿತು ಮುಗಿಸಿದ ವಿದ್ಯೆಯನ್ನು ಮತ್ತೆ ಅ ಆ ಇ ಈ ಇಂದ ತಿದ್ದುತ್ತಿದ್ದರು, ನನ್ನ ಒಂದು ತಮಾಷೆಯ ದೆಸೆಯಿಂದ. ನನ್ನ ಚೀಲದಲ್ಲೂ ಬದನೆಕಾಯಿಯೇ ಇತ್ತು. ಹಾಗೇ ಹಿಂದಕ್ಕೆ ಬಂದೆ. ಆ ಬದನೆಕಾಯಿಯ ವಿಷಯ ಯಾರಿಗೂ ಹೇಳಲಿಲ್ಲ. ಅದೊಂದನ್ನು ನಗೆಯಾಟ ಮಾಡಲಿಲ್ಲ ಎಂಬುದನ್ನೇ ಪುಣ್ಯ ಎಂದುಕೊಂಡು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ಎಂಥಾ ಪುಣ್ಯ!

ಅಷ್ಟರಲ್ಲಿ ಬೆಂಗಳೂರಿನಿಂದ ಸುದ್ದಿ ಬಂತು. ವಿಮೆಯ ವೈದ್ಯಕೀಯ ಖರ್ಚು ಏರುತ್ತಿದೆ, ರಾಜ್ಯದ ಪಾಲು ಭಾರವಾಗುತ್ತಿದೆ, ನಿಯಮಗಳಿಗೆ ತಿದ್ದುಪಡಿ ತರುತ್ತಾರೆ, ರೋಗಿಗಳು ಬಾರದ ಡಿಸ್ಪೆನ್ಸರಿಗಳನ್ನು ಮುಚ್ಚಿ ದೊಡ್ಡ ಊರಿನದಕ್ಕೆ ಸೇರಿಸುತ್ತಾರೆ ಎಂದು. ನಮ್ಮದನ್ನು ಕೋಲಾರಕ್ಕೆ ಸೇರಿಸಿದರೆ ಜ್ವರ ಬಂದವನು ಬಸ್ಸು ಹತ್ತಿ ಕೋಲಾರಕ್ಕೆ ಹೋಗಬೇಕು. ಈಗ ಜನಕ್ಕೆ ದಿಗಿಲಾಯಿತು. ಸ್ಥಿತಿ ನೋಡಲು ಶಾಸಕರ ಸಮಿತಿಯೊಂದು ಮಾಲೂರಿಗೇ ಬಂತು. ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ. ಸಮಿತಿಯವರು ಒಂದು ಕಡೆ, ಕಾರ್ಮಿಕರೆಲ್ಲ ಎದುರಿಗೆ, ಡಾಕ್ಟ್ರಮ್ಮ ಪಕ್ಕದಲ್ಲಿ ಒಂದು ಮರದ ಸ್ಟೂಲಿನ ಮೇಲೆ.

ನಾನು ಸಂಘದ ಪರವಾಗಿ ಎದ್ದು ನಿಂತೆ. ಸೊಗಸಾಗಿ ಮಾತಾಡಿದೆ. ನಮ್ಮ ಬೆವರು, ನಮ್ಮ ಪಾಲು, ನಮ್ಮ ಹಕ್ಕು — ಚಪ್ಪಾಳೆಯೋ ಚಪ್ಪಾಳೆ. ಹಿರಿಯ ಶಾಸಕರೊಬ್ಬರು ಕೈ ಎತ್ತಿ ನಿಲ್ಲಿಸಿ ಕೇಳಿದರು: “ಅದೆಲ್ಲ ಸರಿನಪ್ಪ. ಡಿಸ್ಪೆನ್ಸರಿ ಬೇಕು ಅಂತೀರಿ, ಆದ್ರೆ ನೀವ್ಯಾರೂ ಹೋಗೋದೇ ಇಲ್ವಲ್ಲ? ಯಾಕೆ?”

ಎಲ್ಲರೂ ನನ್ನ ಕಡೆ ನೋಡಿದರು. ಡಾಕ್ಟ್ರಮ್ಮನೂ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಈತ ಒಳ್ಳೆಯ ಮಾತುಗಾರ, ನನ್ನ ಪರವಾಗಿ ಏನಾದರೂ ಹೇಳುತ್ತಾನೆ ಎಂಬ ನಂಬಿಕೆ ಇತ್ತು. ಅವರು ನನ್ನ ಹೆಂಡತಿಯ ಜೀವ ಉಳಿಸಿದವರು —

“ಡಾಕ್ಟ್ರಮ್ಮನ ಕೈಗುಣ ಸರಿಯಿಲ್ಲ ಅಂತ ಜನ ಹಂಗಂತಾರೆ ಸ್ವಾಮಿ. ಅವರನ್ನ ಬದಲಾಯಿಸ್ಕೊಟ್ರೆ ಎಲ್ಲಾ ಬರ್ತಾರೆ.”

ಇದನ್ನು ಹೇಳುವಾಗ ನನ್ನ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಡಿಸ್ಪೆನ್ಸರಿ ಉಳಿಯಿತು. ಡಾಕ್ಟ್ರಮ್ಮನಿಗೆ ವರ್ಗವಾಯಿತು. ಸಂಘದವರು ನನಗೆ ಹಾರ ಹಾಕಿ ಮೆರವಣಿಗೆ ಮಾಡಿದರು. ಬಾಡಿಗೆ ಮನೆಯ ಮುಂದೆ ಹಾದುಹೋಗುವಾಗ ಅವರ ಸಾಮಾನನ್ನು ಗಾಡಿಗೆ ಏರಿಸುತ್ತಿದ್ದರು. ಅವರು ಬಾಗಿಲಲ್ಲಿ ನಿಂತು ನನ್ನ ಕಡೆ ಕೈ ಬೀಸಿದರು. ಬಲಗೈ ಬೀಸಿದರು. ಹೊಸದಾಗಿ ಬಂದ ಬಲಗೈಯ ಡಾಕ್ಟರ ಮುಂದೆ ಮಾರನೆಯ ವಾರದಿಂದಲೇ ಸಾಲು ನಿಂತಿತು.

ಇಷ್ಟು ಮಾಡಿದವನು ಕೊರಗಿ ಸೊರಗಿರಬೇಕು ಎಂದುಕೊಂಡರೆ ಅದು ತಪ್ಪು. ನಾನು ಚೆನ್ನಾಗಿಯೇ ಇದ್ದೆ. ಉಂಡೆ, ತಿಂದೆ, ಮಕ್ಕಳನ್ನು ಓದಿಸಿದೆ, ಟೇಕಲ್ ಬೆಟ್ಟದ ತಪ್ಪಲಲ್ಲಿ ಒಂದು ತುಂಡು ನೆಲದಲ್ಲಿ ಹಿಪ್ಪುನೇರಳೆ ಬೆಳೆದೆ. ಬೆಳಗಿನ ರೈಲಿನಲ್ಲಿ ನನ್ನ ಹರಟೆ ಕೇಳಲೆಂದೇ ಜನ ನಮ್ಮ ಡಬ್ಬಿಗೆ ಹತ್ತುತ್ತಿದ್ದರು. ಈಗಲೂ ನನ್ನ ಬಾಳು ತಣ್ಣಗೇ ಇದೆ. ಕಳ್ಳನೂ ನಿದ್ದೆ ಮಾಡುತ್ತಾನೆ, ನಾನು ಗೊರಕೆ ಹೊಡೆದೆ.

ಮುಂದೆ ತಿದ್ದುಪಡಿಯಾದ ನಿಯಮದಲ್ಲಿ ಒಂದು ಒಳ್ಳೆಯದು ಬಂತು. ಡಿಸ್ಪೆನ್ಸರಿಯ ಖರ್ಚುವೆಚ್ಚ, ಆಡಳಿತ ನೋಡಿಕೊಳ್ಳುವ ಸ್ಥಳೀಯ ಸಮಿತಿಯಲ್ಲಿ ಕಾರ್ಮಿಕರಿಗೂ ಜಾಗ. ನಮ್ಮ ಕಡೆಯಿಂದ ಇನ್ಯಾರು, ನಾನೇ. ಹಾಸಿಗೆಗಳಿರುವ ಸ್ವಂತ ಕಟ್ಟಡ ಬೇಕೆಂದು ಅರ್ಜಿ ಹಿಡಿದು ಬೆಂಗಳೂರಿನ ಕಚೇರಿಗೆ ಹೋದೆ. ಎಂಬತ್ತರ ದಶಕದ ನಡುವಿನ ಮಾತು. ಖರ್ಚಿನ ವಿಭಾಗದ ಅಧಿಕಾರಿಯನ್ನು ನೋಡಿ ಎಂದು ಒಳಗೆ ಕಳಿಸಿದರು. ಕಡತಗಳ ಹಿಂದೆ ಕನ್ನಡಕ ಹಾಕಿಕೊಂಡು ಕೂತಿದ್ದವರು ಡಾಕ್ಟ್ರಮ್ಮ.

“ಅಯ್ಯೋ, ನಾರಾಯಣಪ್ಪನವರಾ! ಬನ್ನಿ ಬನ್ನಿ. ಜಯಮ್ಮ ಹೇಗಿದ್ದಾರೆ? ಕಾಲು ನೋಯುತ್ತಾ ಈಗಲೂ?”

ಕಾಫಿ ತರಿಸಿದರು. ನನ್ನ ಅರ್ಜಿ ಓದಿ ಖುಷಿಪಟ್ಟರು. ಹೀಗೆ ಬರೆದರೆ ಮಂಜೂರಾಗುವುದಿಲ್ಲ, ಹೀಗೆ ಬರೆಯಿರಿ ಎಂದು ಅವರೇ ತಿದ್ದಿದರು. ಬಲಗೈಯಲ್ಲಿ ಬರೆಯುತ್ತಿದ್ದರು. ಅಕ್ಷರ ಮುತ್ತಿನ ಹಾಗಿತ್ತು. ನನಗೆ ತಡೆಯಲಾಗಲಿಲ್ಲ. “ರೋಗಿಗಳನ್ನ ನೋಡೋದಿಲ್ವಾ ಅಮ್ಮಾ ಈಗ?” ಎಂದೆ.

“ಇಲ್ಲ. ಅಲ್ಲಿಂದ ಬಂದ ಮೇಲೆ ಸ್ವಲ್ಪ ದಿನ ನೋಡಿದೆ. ಆದ್ರೆ ಯಾರಿಗಾದ್ರೂ ಸೂಜಿ ಹಾಕಿ, ಅವರಿಗೆ ವಾಸಿಯಾಗೋದು ಒಂದು ದಿನ ತಡ ಆದ್ರೆ ಸಾಕು, ಅಷ್ಟು ಜನ ಹೇಳ್ತಿದ್ರಲ್ಲ, ನಿಜಾನೇ ಇರಬಹುದಾ ಅಂತ ಅನ್ನಿಸೋದು. ಓದಿದೋಳು ನಾನು, ನಗಬೇಡಿ. ಒಬ್ರೋ ಇಬ್ರೋ ಅಂದಿದ್ರೆ ಬಿಡ್ತಿದ್ದೆ. ಇಡೀ ಊರು ಅಂದ್ರೆ… ಕೊನೆಗೆ ನಾನೇ ಕೇಳಿ ಆಫೀಸ್ ಕೆಲಸ ತಗೊಂಡೆ. ಇಲ್ಲೂ ಚೆನ್ನಾಗೇ ಇದ್ದೀನಿ. ಇಲ್ಲಿ ಕೂತು ಹತ್ತು ಡಿಸ್ಪೆನ್ಸರಿಗೆ ಔಷಧಿ ಹೋಗೋ ಹಾಗೆ ನೋಡ್ಕೊಬಹುದು. ಆದ್ರೂ ಒಂದೊಂದ್ ಸಲ ಯಾರದಾದ್ರೂ ನಾಡಿ ಹಿಡಿಬೇಕು ಅನ್ನಿಸುತ್ತೆ.”

ಇಡೀ ಊರು ಅಲ್ಲ ಅಮ್ಮಾ, ಒಬ್ಬನೇ. ಆ ಒಬ್ಬ ನಿಮ್ಮ ಎದುರಿಗೆ ಕೂತು ನಿಮ್ಮ ಕಾಫಿ ಕುಡಿಯುತ್ತಿದ್ದಾನೆ. ಇದಿಷ್ಟು ಗಂಟಲವರೆಗೂ ಬಂತು. ಆದರೆ ಕಟ್ಟಡದ ಅರ್ಜಿ ಅವರ ಮೇಜಿನ ಮೇಲಿತ್ತಲ್ಲ — ಈಗ ಹೇಳಿ ಕೆಲಸ ಕೆಡಿಸಿಕೊಳ್ಳುವುದೇಕೆ ಎಂದು ನನ್ನೊಳಗಿನ ಕಾರ್ಯದರ್ಶಿ ಪಿಸುಗುಟ್ಟಿದ. ಕಾಫಿ ಮುಗಿಸಿ, ಕೈ ಮುಗಿದು ಬಂದೆ.

ಅರ್ಜಿ ಮಂಜೂರಾಯಿತು. ಈಗ ಕಟ್ಟಡ ಎದ್ದು ನಿಂತಿದೆ, ಮೇಲೆ ನಮ್ಮದೇ ಹೆಂಚು. ಅವರು ಆಫೀಸಿಗೆ ಹೋಗದಿದ್ದರೆ ಈ ಕಟ್ಟಡ ಬರುತ್ತಲೇ ಇರಲಿಲ್ಲ, ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಎಂದು ಹೇಳಿ ಪಾರಾಗಬಹುದು. ನನ್ನಂಥ ಮಾತುಗಾರನಿಗೆ ಅದು ಎಷ್ಟರ ಕೆಲಸ? ಹೇಳುವುದಿಲ್ಲ. ಕಟ್ಟಡ ಕಟ್ಟಿಸಿದ್ದು ಅವರ ಒಳ್ಳೆಯತನ. ನನ್ನ ಕೆಟ್ಟತನಕ್ಕೆ ಅದರಲ್ಲಿ ಒಂದು ಹೆಂಚಿನಷ್ಟೂ ಪಾಲಿಲ್ಲ.

ನಾಳೆ ಬೆಳಗ್ಗೆ ಅದರ ಉದ್ಘಾಟನೆ. ಅವರು ಬರುತ್ತಿದ್ದಾರೆ. ಕಾರ್ಮಿಕರ ಪರವಾಗಿ ನಾಲ್ಕು ಮಾತು ಹೇಳಬೇಕಾದವನು ನಾನು.

ಇವತ್ತು ಮಧ್ಯಾಹ್ನ ಜಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ನಾನೂ ಸುಲಿಯತೊಡಗಿದೆ, ಸುಲಿಯುತ್ತಲೇ ಎಲ್ಲವನ್ನೂ ಹೇಳಿದೆ. ಲಗ್ನಪತ್ರಿಕೆ, ಹೊಂಗೆ ಮರ, ಹಸಿ ಹೆಂಚು, ಬದನೆಕಾಯಿ, ಶಾಮಿಯಾನ, ಕಾಫಿ. ಅವಳ ಕೈ ನಿಂತುಹೋಯಿತು.

“ನೀವಾ?” ಎಂದಳು.

“ಹೂಂ.”

ಕೈಯಲ್ಲಿದ್ದ ಕಾಯಿಯನ್ನು ಮೊರದಲ್ಲಿಟ್ಟಳು. ಆಮೇಲೆ, “ಆ ಬಲಗೈ ಸೂಜಿ ಎಷ್ಟು ನೋಯ್ತು ಗೊತ್ತಾ ನಿಮ್ಗೆ? ಒಂದು ತಿಂಗ್ಳು ಗಂಟು ಕಟ್ಕೊಂಡಿತ್ತು. ಪಾಪ, ಆವಮ್ಮನ್ನ ನಾನೇ ಬೈಕೊಂಡೆ” ಎಂದಳು. ಕಣ್ಣು ತುಂಬಿತ್ತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ನಾನು ನಾಳೆಯ ಭಾಷಣ ಓದಿದೆ. ನಾಲ್ಕು ದಿನ ಕೂತು ಬರೆದದ್ದು. ಪಶ್ಚಾತ್ತಾಪದ ಬೆಂಕಿ, ಭಟ್ಟಿಯಲ್ಲಿ ಬೆಂದ ಮನಸ್ಸು, ಎಡಗೈಯ ಮಹಿಮೆ — ಸೊಗಸಾಗಿತ್ತು. ಜನ ಕಣ್ಣೊರೆಸಿಕೊಳ್ಳುತ್ತಾರೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಜಯಮ್ಮ ಪೂರ್ತಿ ಕೇಳಿದಳು. “ಚಪ್ಪಾಳೆ ಹೊಡಿಸ್ಕೊಳ್ಳೋ ಹಂಗೆ ಹೇಳ್ಬೇಡಿ. ಅವತ್ತೂ ಹೊಡಿಸ್ಕೊಂಡ್ರಿ, ನಾಳೆನೂ ಹೊಡಿಸ್ಕೊಂತೀರಾ? ಸುಮ್ನೆ ಹೇಳಿ, ಕೂತ್ಕೊಳಿ” ಎಂದು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಭಾಷಣವನ್ನು ಹರಿದು ಒಲೆಗೆ ಹಾಕಿದೆ. ನಾಳೆ ಹೇಳುವುದು ಒಂದೇ ಮಾತು. ಪಾಪಣ್ಣ ಈಗಿಲ್ಲ, ಆದರೆ ಚೌಡಪ್ಪ ಇರುತ್ತಾನೆ, ಅವತ್ತು ನಕ್ಕವರು ಬಹಳ ಜನ ಇರುತ್ತಾರೆ. ಅವರೆಲ್ಲರ ಮುಂದೆ, ಅವರ ಕಡೆಗಲ್ಲ, ಡಾಕ್ಟ್ರಮ್ಮನ ಕಡೆಗೆ ತಿರುಗಿ ಹೇಳುತ್ತೇನೆ. ಜನ ಹಾಗನ್ನಲಿಲ್ಲ ಅಮ್ಮಾ, ನಾನಂದೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆಮೇಲೆ ಕೂತುಕೊಳ್ಳುತ್ತೇನೆ.